ದೇವರ ಮುಂದೆ ಕುಳಿತ ಬಿರಡೆ

ಅಮ್ಮ ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಬೋಟು ಹತ್ತಿದಳು. ಅವತ್ತೇ ಅವಳನ್ನು ಮುಳುಗಿಸಲು ಹೊರಟವಳು ನಾನು. (ಗಾಬರಿ ಬೇಡ. ಅಮ್ಮ ಈಗ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದಾಳೆ. ಸೌಂಡು ಜಾಸ್ತಿಯೇ ಇದೆ. ಇರಲಿ, ಈ ವಾರ ನನ್ನದೇನೂ ತಕರಾರಿಲ್ಲ.)

ನನ್ನ ತಮ್ಮ ರಘು ಕುಶಾಲನಗರದಾಚೆ ಹಿನ್ನೀರಿನ ದಡದಲ್ಲಿ ಹೋಂಸ್ಟೇ ನಡೆಸುತ್ತಾನೆ. ಬಂದವರನ್ನು ಸುತ್ತಾಡಿಸಲು ಐದು ಜನ ಹಿಡಿಸುವ ಸಣ್ಣ ಮೋಟರ್ ಬೋಟೊಂದಿದೆ. ಆಯುಧಪೂಜೆಗೆಂದು ಅಮ್ಮನನ್ನು ಕರೆದುಕೊಂಡು ಮಡಿಕೇರಿಯಿಂದ ಹೋಗಿದ್ದೆ.

ನಮ್ಮದು ಪುರೋಹಿತರ ಮನೆ. ಪೂಜೆಗೆ ಇಟ್ಟದ್ದು ಫಳಫಳ ಹೊಳೆಯಬೇಕು. ಬೆಳಿಗ್ಗೆ ರಘು ಬೋಟನ್ನು ಟ್ರೈಲರ್ ಮೇಲೆ ನಿಲ್ಲಿಸಿ ತೊಳೆಯುತ್ತಿದ್ದ. ನಾನು ಕತ್ತಿ, ಸ್ಪ್ಯಾನರುಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದೆ. ಬೋಟಿನ ಹಿಂದಿನ ಸೀಟಿನ ಮೇಲೆ ಹೆಬ್ಬೆರಳು ಗಾತ್ರದ ಹಿತ್ತಾಳೆಯ ವಸ್ತುವೊಂದು ಕಪ್ಪಗಾಗಿ ಬಿದ್ದಿತ್ತು. ಪಾಪ ಅನ್ನಿಸಿತು. ಹುಣಸೆಹಣ್ಣಿನಲ್ಲಿ ತಿಕ್ಕಿ, ಕುಂಕುಮ ಹಚ್ಚಿ, ದೇವರ ಮುಂದೆ ಕೂರಿಸಿದೆ. ಅಲ್ಲಿ ಕೂತದ್ದನ್ನು ಮರುದಿನದ ಪೂಜೆಯವರೆಗೆ ಯಾರೂ ಕದಲಿಸುವಂತಿಲ್ಲ.

ಬೋಟಿಗೂ ಪೂಜೆಯಾಯಿತು. ಚೆಂಡುಹೂವಿನ ದೊಡ್ಡ ಹಾರ ಹಾಕಿದೆವು. ಸಾಲದೆಂದು ಒಳಗೆಲ್ಲ ಎಸಳು ಎರಚಿದವಳೂ ನಾನೇ. ಪೂಜೆಯಾದ ಗಾಡಿಯನ್ನು ಒಂದು ಸುತ್ತು ಓಡಿಸದೆ ಬಿಡುತ್ತೇವೆಯೇ? ಟ್ರೈಲರಿನ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಬೋಟು ನೀರಿಗಿಳಿಯಿತು.

ನೀರು ಕಂಡರೆ ಮಾರು ದೂರ ನಿಲ್ಲುವ ಅಮ್ಮ, ಒಳ್ಳೆಯ ದಿನ, ತಾನೂ ಬರುತ್ತೇನೆ ಅಂದುಬಿಟ್ಟಳು. ಲೈಫ್ ಜಾಕೆಟ್ ಮಾತ್ರ ಬೇಡವಂತೆ, ರೇಷ್ಮೆ ಸೀರೆ ಮುದುಡುತ್ತದಂತೆ. ಅದನ್ನೂ ಪುಳಿಯೋಗರೆ ಡಬ್ಬಿಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಹಬ್ಬದ ದಿನ ಯಾಕೆ ಜಗಳ ಎಂದು ನಾವೂ ಸುಮ್ಮನಾದೆವು.

ಹಿನ್ನೀರಿನ ನಟ್ಟನಡುವೆ, ಅಮ್ಮನಿಗೆ ಗುಡ್ಡಸಾಲು ತೋರಿಸಲೆಂದು ರಘು ಎಂಜಿನ್ ಆಫ್ ಮಾಡಿದ. ಐದು ನಿಮಿಷ ಆಗಿರಬೇಕು. ನನ್ನ ಪಾದಕ್ಕೆ ತಣ್ಣಗೆ ಏನೋ ತಾಗಿತು. ನೀರು! ಚೆಂಡುಹೂವಿನ ಎಸಳು ಅದರ ಮೇಲೆ ಆರಾಮಾಗಿ ತೇಲುತ್ತಿತ್ತು.

ರಘು ಹಿಂದೆ ಬಗ್ಗಿ ನೋಡಿದ.

"ಅಕ್ಕ, ಸೀಟ್ ಮೇಲೆ ಹಿತ್ತಾಳೆ ಬಿರಡೆ ಇತ್ತಲ್ಲ, ನೋಡಿದ್ಯಾ?"

"ದೇವರ ಮುಂದೆ ಇಟ್ಟಿದ್ದೀನಿ ಕಣೋ."

ಬೋಟಿನ ಹಿಂಭಾಗದಲ್ಲಿ, ತಳದ ಹತ್ತಿರ, ಒಂದು ತೂತು ಇರುತ್ತದೆ. ದಡದಲ್ಲಿದ್ದಾಗ ಬಿರಡೆ ಬಿಚ್ಚಿಟ್ಟರೆ ಮಳೆನೀರು, ತೊಳೆದ ನೀರು ಎಲ್ಲ ಅಲ್ಲಿಂದ ಹರಿದುಹೋಗುತ್ತದೆ. ನೀರಿಗಿಳಿಸುವ ಮುಂಚೆ ಮರೆಯದೆ ತಿರುಗಿಸಿ ಬಿಗಿಯಬೇಕು. ರಘುವಿನ ಅಭ್ಯಾಸವೇನೆಂದರೆ, ಬಿಚ್ಚಿದ ಬಿರಡೆಯನ್ನು ಸೀಟಿನ ಮೇಲಿಡುವುದು. ಸೀಟಿನ ಮೇಲೆ ಇಲ್ಲವೆಂದರೆ ಹಾಕಿಯಾಗಿದೆ ಎಂದೇ ಅವನ ಲೆಕ್ಕ. ಅಕ್ಕನ ಭಕ್ತಿಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಎಂಜಿನ್ ಸ್ಟಾರ್ಟ್ ಮಾಡಿ ಬೋಟನ್ನು ದಡದ ಕಡೆ ಬಿಟ್ಟ. ಬಿಟ್ಟ ಎಂದರೆ ಬಾಣದ ಹಾಗೆ. ನನಗೆ ಈಜು ಬರುವುದಿಲ್ಲ, ಅಮ್ಮನ ವಿಷಯವಂತೂ ಕೇಳಲೇಬೇಡಿ. ನಿಲ್ಲಿಸು ಮಾರಾಯ ಎಂದು ಅವನ ಅಂಗಿ ಹಿಡಿದು ಎಳೆದೆ.

"ನಿಲ್ಸಿದ್ರೇ ತುಂಬೋದು ಅಕ್ಕ. ನೀನು ಆ ಮುಚ್ಚಳ ಎತ್ತಿ ಪಂಪ್ ನೋಡು."

(ಅವನು ಹೇಳಿದ್ದು ನಿಜ. ಜೋರಾಗಿ ಓಡುವ ಬೋಟಿನ ಹಿಂದೆ ನೀರು ಸರಿದು ಹೋಗುತ್ತಿರುತ್ತದೆ, ತೂತಿನಿಂದ ಒಳಗೆ ಬರುವುದು ತೀರ ಕಡಿಮೆ. ನಿಂತರೆ ಮುಗಿಯಿತು. ಹೋಗುವಾಗ ನಮಗೆ ಗೊತ್ತಾಗದೇ ಇದ್ದದ್ದೂ ಅದಕ್ಕೇ.)

ಮುಚ್ಚಳ ಎತ್ತಿದೆ. ಒಳಗೆ ಸೇರಿದ ನೀರೆಲ್ಲ ಹೋಗಿ ನಿಲ್ಲುವ ಗುಂಡಿ ಅದು, ಬಿಲ್ಜ್ ಅನ್ನುತ್ತಾರೆ. ಅಲ್ಲೊಂದು ಪುಟ್ಟ ಪಂಪು. ನೀರು ಏರಿದರೆ ಪಕ್ಕದ ಸ್ವಿಚ್ಚು ತೇಲಿ ಮೇಲೇಳುತ್ತದೆ, ಪಂಪು ತಾನಾಗಿ ಆನ್ ಆಗಿ ಹೊರಗೆ ಎರಚುತ್ತದೆ. ಅವತ್ತೂ ಆನ್ ಆಗಿತ್ತು. ಗುರ್ ಅನ್ನುತ್ತಿತ್ತು, ಹನಿ ನೀರು ಹೊರಗೆ ಹೋಗುತ್ತಿರಲಿಲ್ಲ. ಕೈ ಹಾಕಿದೆ. ಪಂಪಿನ ಬುಡದ ಜಾಲರಿ ತುಂಬ ನನ್ನ ಚೆಂಡುಹೂವು!

ಬಾಚಿದೆ. ಎರಡು ಮುಷ್ಟಿ, ಮೂರು ಮುಷ್ಟಿ. ನಾಲ್ಕನೆಯದಕ್ಕೆ ಪಂಪಿನ ಸದ್ದು ಬದಲಾಯಿತು, ಬೋಟಿನ ಪಕ್ಕದಿಂದ ನೀರು ಬುಳುಬುಳು ಹೊರಗೆ ಚಿಮ್ಮಿತು. ತಿರುಗಿ ನೋಡಿದರೆ ಅಮ್ಮ ಯಾರೂ ಹೇಳದೆಯೇ ರೇಷ್ಮೆ ಸೀರೆಯ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡು, ಪುಳಿಯೋಗರೆ ಡಬ್ಬಿಯಿಂದ ನೀರು ಮೊಗೆದು ಎಸೆಯುತ್ತಿದ್ದಳು. (ಪುಳಿಯೋಗರೆ ಮೀನಿನ ಪಾಲು.)

ಬೋಟು ದಡದ ಕೆಸರಿಗೆ ಮೂತಿ ತೂರಿಸಿ ನಿಂತಿತು. ಅಮ್ಮನ ಕೈ ಹಿಡಿದು ಇಳಿಸಿ, ಅಲ್ಲೇ ಕೂತು ಅತ್ತುಬಿಟ್ಟೆ. ಅಷ್ಟು ಹಗುರಾಗಿ ಅತ್ತದ್ದು ನೆನಪಿಲ್ಲ. ರಘು ಬೋಟನ್ನು ಇನ್ನಷ್ಟು ಮೇಲಕ್ಕೆಳೆದು ಕಟ್ಟಿದ. ಮಾತಾಡಿದವಳು ಅಮ್ಮ.

"ನಾಳೆ ಆ ಬಿರಡೆ ಹಾಕ್ಕೊಂಡು ಇನ್ನೊಂದು ಸುತ್ತು ಹೋಗೋಣ. ಇವತ್ತು ಗುಡ್ಡ ಸರಿಯಾಗಿ ನೋಡ್ಲಿಕ್ಕೇ ಆಗ್ಲಿಲ್ಲ."

ಹೋದೆವು ಕೂಡ. ಈಗ ಬಿರಡೆಯೂ ಬೋಟಿನ ಕೀಲಿಯೂ ಒಂದೇ ದಾರದಲ್ಲಿವೆ. ಬಿರಡೆ ಹಾಕಿ ದಾರ ಬಿಚ್ಚದೆ ಕೀಲಿ ಕೈಗೆ ಸಿಗುವುದಿಲ್ಲ. ಬಿರಡೆಯ ಮೇಲೆ ಕುಂಕುಮ ಇನ್ನೂ ಸ್ವಲ್ಪ ಉಳಿದಿದೆ.

ಕಾಪಾಡುವ ವಸ್ತುವಿಗೆ ಕೈ ಮುಗಿದರೆ ಅದು ಕಾಪಾಡಿಬಿಡುತ್ತದೆ ಎಂದುಕೊಳ್ಳುವವಳು ನಾನೊಬ್ಬಳೇನಾ? ಮೊನ್ನೆ ನೀವೂ ಹೆಲ್ಮೆಟ್ಟಿಗೆ ಕುಂಕುಮ ಹಚ್ಚಿ ಹೂವಿಟ್ಟಿರಲ್ಲ, ಅದೀಗ ನಿಮ್ಮ ತಲೆಯ ಮೇಲಿದೆಯೋ, ಇನ್ನೂ ದೇವರ ಮುಂದೆಯೇ ಕೂತಿದೆಯೋ?