ಐದು ಗಂಟೆಗೆ ಏಳಬೇಕಿದ್ದ ಮೆಷಿನ್

ಶೈಲಾ, ಟ್ಯಾಕ್ಸಿ ಸ್ಟ್ಯಾಂಡಿನ ಮೆಷಿನ್ ಬೆಳಗಿನ ಹೊತ್ತು ಸತ್ತು ಬಿದ್ದಿರುತ್ತಿದ್ದದ್ದು ನಿನ್ನ ಪ್ರೋಗ್ರಾಮಿನಿಂದಲ್ಲ. ನನ್ನಿಂದ. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ — ಮೋಸ ಮಾಡಿದವಳು ನೀನೇ ಎಂದು ಎಲ್ಲರೂ ಅಂದಾಗಲೂ, ನಿನ್ನ ಅಪ್ಪ ಅವರೆದುರು ಕೈ ಮುಗಿದಾಗಲೂ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳುತ್ತಾ ಹೋದರೆ ನಡುವೆ ಎಲ್ಲೋ ನನ್ನ ಪರವಾಗಿ ನಾನೇ ವಾದ ಶುರುಮಾಡುತ್ತೇನೆ. ನನ್ನ ನಾಲಿಗೆ ನಿನಗೆ ಗೊತ್ತಲ್ಲ.

ಅರಸೀಕೆರೆಯ ಆ ಮಹಡಿ ಮೇಲಿನ ಆಫೀಸು ನೆನಪಿದೆಯಾ? ಕೆಳಗೆ ಕೊಬ್ಬರಿ ಮಂಡಿ, ಮೇಲೆ ನಾವು ಮೂವರು — ಯಜಮಾನರು, ನಾನು, ನೀನು. ರೈಲ್ವೆ ಸ್ಟೇಷನ್ನಿನ ಮುಂದಿನ ಟ್ಯಾಕ್ಸಿಯವರಿಗೆ ಪಾಳಿಯ ಪ್ರೋಗ್ರಾಂ ಬರೆದವಳು ನೀನು. ಬೇಲೂರು, ಹಳೇಬೀಡು ನೋಡಲು ಬರುವವರು ಹೆಚ್ಚಾಗಿ ಬೆಳಗಿನ ರೈಲುಗಳಲ್ಲೇ ಇಳಿಯುತ್ತಾರೆ. ಆ ದೂರದ ಬಾಡಿಗೆಗೆ ದಿನಾ ಜಗಳ. ಯಾರ ಸರದಿಯೋ ಅವರ ಮೊಬೈಲಿಗೇ ಕರೆ ಹೋಗುವಂತೆ ನೀನು ಮಾಡಿದ ಮೇಲೆ ಸ್ಟ್ಯಾಂಡಿನಲ್ಲಿ ಕೊರಳಪಟ್ಟಿ ಹಿಡಿಯುವುದು ನಿಂತಿತ್ತು. ನಿನ್ನ ಅಪ್ಪ ಬಸವರಾಜಣ್ಣನೂ ಅಲ್ಲಿಯ ಡ್ರೈವರು. "ನಮ್ ಹುಡ್ಗಿ ಮಾಡಿದ್ದು ಕಣ್ರೀ" ಅಂತ ಟೀ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು — ಅದನ್ನೂ ಬರೆದೇ ಬಿಡುತ್ತೇನೆ.

ಪ್ರೋಗ್ರಾಂ ನಿನ್ನದು; ಅದು ಓಡುತ್ತಿದ್ದ ಮೆಷಿನ್ ಮಾತ್ರ ನನ್ನ ಕೈಯಲ್ಲಿ. ಮೆಷಿನ್ ಅಂದರೆ ಆಫೀಸಿನಲ್ಲಿಟ್ಟ ಡಬ್ಬವಲ್ಲ. ಯಾವುದೋ ಊರಿನ ದೊಡ್ಡ ಕಂಪ್ಯೂಟರುಗಳೊಳಗೆ ನಮಗೆ ಬಾಡಿಗೆಗೆ ಬಿಟ್ಟ ಒಂದು ಪಾಲು, ವರ್ಚುವಲ್ ಮೆಷಿನ್. ಅದನ್ನು ನೋಡುವುದು, ಆರಿಸುವುದು, ಎಬ್ಬಿಸುವುದು ಎಲ್ಲ ಬಾಡಿಗೆ ಕೊಟ್ಟವರ ವೆಬ್‌ಸೈಟಿನಿಂದ, ಅಂದರೆ ಕ್ಲೌಡ್ ಪೋರ್ಟಲಿನ ಪುಟದಿಂದ. ಪಾಸ್‌ವರ್ಡನ್ನು ಶೈಲಾಗೂ ಕೊಡಮ್ಮಾ ಅಂತ ಯಜಮಾನರು ಎಷ್ಟು ಸಲ ಹೇಳಿದರು! ನಾನು ಕೊಡಲಿಲ್ಲ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯ ಹಾಗೆ ಮೆರೆಯುತ್ತಿದ್ದೆ. ಏನು ನೋಡಬೇಕಾದರೂ ನೀನು ನನ್ನನ್ನೇ ಕೇಳಬೇಕಿತ್ತು.

ರಾತ್ರಿ ಹೊತ್ತು ಮೆಷಿನ್ ಸುಮ್ಮನೆ ಯಾಕೆ ಓಡಬೇಕು, ಆರಿಸಿ ಅಂದರು ಯಜಮಾನರು. ರಾತ್ರಿ ಹತ್ತಕ್ಕೆ ತಾನೇ ಆರಿ ಬೆಳಿಗ್ಗೆ ಐದಕ್ಕೆ ತಾನೇ ಏಳುವಂತೆ ಪೋರ್ಟಲಿನಲ್ಲಿ ಸಮಯ ತುಂಬಿದೆ. ಪಕ್ಕದಲ್ಲೇ, ಯಾವ ದೇಶದ ಗಂಟೆ ಎಂದು ಕೇಳುವ ಇನ್ನೊಂದು ಖಾನೆ ಇತ್ತು — ನೋಡಲಿಲ್ಲ. ಅಲ್ಲಿ ಮೊದಲೇ ಹೊರದೇಶದ ಸಮಯ ಕೂತಿತ್ತು. ಅವರ ಐದು ಗಂಟೆ ಅಂದರೆ ನಮಗೆ ಹತ್ತೂವರೆ. ಬೆಳಗಿನ ರೈಲುಗಳೆಲ್ಲ ಬಂದು ಹೋದ ಮೇಲೆ ನಮ್ಮ ಮೆಷಿನ್ ಏಳುತ್ತಿತ್ತು! ಅದೇ ಸಂಜೆ ನೀನೂ ಪ್ರೋಗ್ರಾಮಿಗೆ ಹೊಸದೊಂದು ಸೇರಿಸಿದ್ದೆ, ಡ್ರೈವರುಗಳು ರಜೆ ಹೇಳುವ ಗುಂಡಿ. ಹಾಗಾಗಿ ಕೆಟ್ಟದ್ದು ಅದರಿಂದಲೇ ಎಂದು ಎಲ್ಲರೂ ತಿಳಿದರು.

"ಅಕ್ಕಾ, ಬೆಳಿಗ್ಗೆ ಮೆಷಿನ್ನೇ ಆಫ್ ಆಗಿರುತ್ತೇನೋ, ಒಂದ್ಸಲ ನೋಡ್ತೀರಾ?" ಅಂತ ನೀನು ಕೇಳಿದೆ. ಕೇಳಿದ್ದು ಆಫೀಸಿನಲ್ಲಿ, ನಾವು ಬಾಗಿಲು ತೆಗೆಯುತ್ತಿದ್ದದ್ದೇ ಹನ್ನೊಂದಕ್ಕೆ. ಪೋರ್ಟಲ್ ತೆರೆದೆ. ಮೆಷಿನಿನ ಹೆಸರಿನ ಪಕ್ಕ, ಓಡುತ್ತಿದೆ ಎಂಬ ಹಸಿರು ಗುರುತು. ಎಷ್ಟು ಹೊತ್ತಿಗೆ ಎದ್ದಿತು ಎಂಬುದೂ ಅಲ್ಲೇ ಕೆಳಗೆ ಇರುತ್ತಿತ್ತು. ಕೆಳಗಿನವರೆಗೆ ಯಾರು ಹೋಗುತ್ತಾರೆ! "ಮೆಷಿನ್ ಚೆನ್ನಾಗೇ ಇದೆ ಕಣೇ, ನಿನ್ನ ಪ್ರೋಗ್ರಾಂ ನೋಡ್ಕೋ" ಅಂದೆ. ಆ ಮಾತಿನ ಧಾಟಿ ನನಗೆ ಈಗಲೂ ಕೇಳುತ್ತದೆ. ನೀನು ಪಾಪ, ಸಾಲು ಸಾಲಾಗಿ ತಪ್ಪು ಹುಡುಕಲು ಕೂತೆ.

ಇತ್ತ ಸ್ಟ್ಯಾಂಡು ಬೆಳಗಿನ ಹೊತ್ತು ಹಳೇ ಪದ್ಧತಿಗೆ ಮರಳಿತು: ಗೇಟಿನ ಹತ್ತಿರ ಮೊದಲು ಗಾಡಿ ನಿಲ್ಲಿಸಿದವರಿಗೆ ಮೊದಲ ಬಾಡಿಗೆ. ನಿಮ್ಮ ಮನೆ ಸ್ಟೇಷನ್ನಿನ ಹಿಂದೆಯೇ. ಮೊದಲು ಬರುವವರು ನಿನ್ನ ಅಪ್ಪ. ಹಳೇಬೀಡಿನ ಬಾಡಿಗೆ ದಿನಾ ಅವರದೇ ಆಯಿತು. ಆಡಿಕೊಳ್ಳುವವರಿಗೆ ಇನ್ನೇನು ಬೇಕು?

ಒಂದು ಮುಂಜಾನೆ ಮಾಲೇಕಲ್ಲು ಬೆಟ್ಟ ಹತ್ತೋಣವೆಂದು ಎದ್ದವಳು, ಹೊರಡುವ ಮುಂಚೆ ಯಾಕೋ ಮೊಬೈಲಿನಲ್ಲಿ ಪೋರ್ಟಲ್ ನೋಡಿದೆ. ಮೆಷಿನ್ ನಿಂತಿತ್ತು. ಸಮಯ ತುಂಬಿದ್ದ ಪುಟಕ್ಕೆ ಹೋದೆ, ಆ ಖಾನೆ ಕಂಡೆ... ಭಾರತದ ಸಮಯಕ್ಕೆ ಬದಲಿಸಿ ಮೆಷಿನ್ ಎಬ್ಬಿಸಿದೆ. ಬೆಟ್ಟಕ್ಕೆ ಹೋಗಲಿಲ್ಲ. ಹೇಳಿಬಿಡಬೇಕು, ಹೇಳಿಬಿಡಬೇಕು ಅಂದುಕೊಂಡೇ ಆಫೀಸಿಗೆ ಬಂದೆ. ನಿಜವಾಗಿಯೂ ಅಂದುಕೊಂಡಿದ್ದೆ — ಬರೀ ಅಂದುಕೊಂಡದ್ದಕ್ಕೆ ಏನು ಬೆಲೆ?

ನಾನು ಬರುವಷ್ಟರಲ್ಲಿ ಡ್ರೈವರುಗಳು ಆಫೀಸು ತುಂಬಿದ್ದರು. ಅವರ ಮುಖಂಡ ಲೋಕೇಶಪ್ಪ ಯಜಮಾನರ ಮೇಜು ಕುಟ್ಟುತ್ತಿದ್ದ. "ಬೆಳಗಾದ್ರೆ ಮಗ್ಳು ಮೆಷಿನ್ನು ಮಲಗಿಸ್ತಾಳೆ, ಅಪ್ಪ ಬಾಡ್ಗೆ ಹೊಡ್ಕೊಂಡು ಹೋಯ್ತಾನೆ. ನಾವೇನು ಕಿವೀಲಿ ಹೂ ಇಟ್ಕೊಂಡಿದ್ದೀವಾ?"

ಯಜಮಾನರು ನನ್ನ ಕಡೆ ತಿರುಗಿದರು. ನಾನು ಅಂದದ್ದು ಎರಡೇ ಮಾತು: "ಸರಿ ಮಾಡಿದ್ದೀನಿ ಸಾರ್. ಇನ್ನು ಆಗಲ್ಲ."

ಅಷ್ಟು ಸಾಕಾಯಿತು. ನೀನು ಬೇಕೆಂದೇ ಕೆಡಿಸಿದ್ದನ್ನು ನಾನು ಹಿಡಿದೆ ಎಂದು ಎಲ್ಲರೂ ತಿಳಿದರು. ಹಾಗಲ್ಲ ಎಂದು ನಾನು ಹೇಳಲಿಲ್ಲ. "ನಾನೇನೂ ಮಾಡಿಲ್ಲಪ್ಪಾ" ಅಂತ ನೀನು ನಿನ್ನ ಅಪ್ಪನ ಕಡೆ ನೋಡಿದೆ — ನಮ್ಮ ಯಾರ ಕಡೆಯೂ ಅಲ್ಲ. ಬಸವರಾಜಣ್ಣ ನಿನ್ನನ್ನು ನೋಡದೆ ಅವರಿಗೆ ಕೈ ಮುಗಿದರು. "ಹುಡ್ಗಿ... ಅಪ್ಪನ ಮ್ಯಾಲಿನ ಪಿರೀತಿಗೆ ಮಾಡ್ಬಿಟ್ಟೈತೆ. ಹೊಟ್ಟೆಗೆ ಹಾಕ್ಕೊಳ್ಳಿ." ನಿನ್ನ ಮುಖ ನೋಡಲಾಗದೆ ನಾನು ಕಂಪ್ಯೂಟರ್ ಆನ್ ಮಾಡಿದೆ.

ನೀನು ಆವತ್ತೇ ಕೆಲಸ ಬಿಟ್ಟೆ. ನಿನ್ನ ಅಪ್ಪ ಸ್ಟ್ಯಾಂಡು ಬಿಟ್ಟು ಬೇಲೂರಿಗೆ ಗಾಡಿ ಒಯ್ದರು. ಮದುವೆಯಾಗಿ ನೀನು ಕಣಕಟ್ಟೆ ಸೇರಿದೆ, ಮತ್ತೆ ಕಂಪ್ಯೂಟರ್ ಮುಟ್ಟಲೇ ಇಲ್ಲ ಎಂದು ಯಾರೋ ಹೇಳಿದರು. ನಿನ್ನ ಪ್ರೋಗ್ರಾಂ ಒಂದಕ್ಷರ ಬದಲಾಗದೆ ಇವತ್ತಿಗೂ ಓಡುತ್ತಿದೆ. ಅದನ್ನು ದಿನಾ ನೋಡುತ್ತಾ, ನಾನು ಇಷ್ಟು ವರ್ಷ ಅನ್ನ ಉಂಡೆ. ಥೂ!

ಇವತ್ತು ಬೆಳಿಗ್ಗೆ ಬೇಲೂರಿಗೆ ಬಂದು ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ನಿನಗಿಂತ ಮೊದಲು ಅವರಿಗೆ ಯಾಕೆಂದರೆ — ನಿನ್ನೆದುರು ನಿಲ್ಲುವ ಧೈರ್ಯವಿರಲಿಲ್ಲ, ಅಷ್ಟೇ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಬೈಯಲೂ ಇಲ್ಲ. ಕಾರಿಗೆ ಒರಗಿ ನಿಂತರು.

"ಅವತ್ತಿಂದ ನನ್ ಗಾಡಿ ಹತ್ತಿಲ್ಲ ಕಣವ್ವಾ ಅವ್ಳು. ಹೆರಿಗೇಗೂ ಆಟೋದಾಗೆ ಹೋದ್ಲು" ಅಂದರು. ಆಮೇಲೆ, "ನೀನೇನೋ ಬಾಯ್ ಮುಚ್ಕೊಂಡೆ. ಹೆತ್ತೋನು ನಾನು, ನಾನ್ ಯಾಕ್ ನಂಬ್ಲಿಲ್ಲ ಅವ್ಳ್ನ?"

ಕಾರಿನಲ್ಲಿ ಕೂತಿದ್ದ ಪ್ರವಾಸಿಗರನ್ನು ಇಳಿಸಿ, ಬೇರೆ ಗಾಡಿ ತೋರಿಸಿ, ನಿನ್ನ ಅಪ್ಪ ಹೊರಟೇಬಿಟ್ಟರು. ನಾನು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಾಳೆ ಬೆಳಗಿನ ರೈಲಿನ ಹೊತ್ತಿಗೆ ಅರಸೀಕೆರೆ ಸ್ಟ್ಯಾಂಡಿಗೆ ಹೋಗಿ, ಲೋಕೇಶಪ್ಪನ ಮುಂದೆ, ಎಲ್ಲರ ಮುಂದೆ ಇದೇ ಮಾತು ಹೇಳುತ್ತೇನೆ. ಆಮೇಲೆ ಯಜಮಾನರಿಗೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನ್ನ ಮೇಲೆ ಇನ್ನೊಂದು ಹೊರೆ. ಈಗ ಇಷ್ಟು ಮಾತ್ರ — ನಿನ್ನ ಅಪ್ಪ ಜಾವಗಲ್ ದಾಟಿರಬಹುದು. ನಿನ್ನ ಹತ್ತಿರ ಬರುತ್ತಿದ್ದಾರೆ. ಬಂದು ಏನು ಹೇಳಬೇಕೆಂದು ಅವರಿಗೂ ಗೊತ್ತಿಲ್ಲ. ಅವರಿಗಾದರೂ ಬಾಗಿಲು ತೆಗೆ, ಶೈಲಾ.