ಐದನೆಯ ಸೀದ ದೋಸೆ

ಸತ್ತವರ ಫೋನಿಗೆ ಯಾರಾದರೂ ರೀಚಾರ್ಜ್ ಮಾಡಿಸುತ್ತಾರೆಯೇ? ನಾನು ಮಾಡಿಸುತ್ತಿದ್ದೆ. ನಮ್ಮನೆಯವರು ತೀರಿಕೊಂಡ ಮೇಲೂ ತಿಂಗಳು ತಪ್ಪದೆ ಮಾಡಿಸಿದೆ. ತಲೆ ಕೆಟ್ಟಿರಲಿಲ್ಲ, ಅದಕ್ಕೊಂದು ಕಾರಣವಿತ್ತು. ಆ ಫೋನಿಗೆ ಓಟಿಪಿ ಬರಬೇಕಿತ್ತು, ಆ ಓಟಿಪಿ ಹೇಳಿದರೆ ಮಾತ್ರ ಕೊರಿಯರ್‌ನವರು ಪಾರ್ಸೆಲ್ ಕೊಡುತ್ತಿದ್ದರು. ಪಾರ್ಸೆಲ್ಲಿನೊಳಗೆ ಅವರ ಸೀದ ದೋಸೆ ಇರುತ್ತಿತ್ತು.

ಸೀದ ದೋಸೆ ಎಂದು ಹೆಸರಿಟ್ಟವಳು ನಾನೇ. ಅದು ಹಾಡಿನ ತಟ್ಟೆ, ಅವರು ಅದನ್ನು ವಿನೈಲ್ ಎನ್ನುತ್ತಿದ್ದರು. ಹರಿಹರದಲ್ಲಿದ್ದ ಅವರ ಗೆಳೆಯರೊಬ್ಬರು ಪ್ಲೇಟ್ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಅದು ಕಾವಲಿಯ ಮೇಲೆ ಮರೆತುಬಿಟ್ಟ ದೋಸೆಯ ಹಾಗೇ ಕಾಣುತ್ತಿತ್ತು, ಕರ್ರಗೆ, ದುಂಡಗೆ. ಅದರೊಳಗೆ ಇದ್ದದ್ದು ಹೆವಿ ಮೆಟಲ್ ಎಂಬ ಗದ್ದಲ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹರಿಹರದಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ, ಭಾನುವಳ್ಳಿ ಕಡೆಯ ರೈತರೊಂದಿಗೆ ಇಡೀ ದಿನ ಇಂಚಿನ ಮಾತು. ಇಂಥ ಮನುಷ್ಯ ತಲೆಬುರುಡೆಯ ಚಿತ್ರವಿರುವ ಕವರನ್ನು ಎದೆಗವಚಿಕೊಂಡು ಗೇಟಿನಿಂದ ಒಳಗೆ ಬರುವುದನ್ನು ನೋಡಿದರೆ ನಗು ಬರದೆ ಇರುತ್ತದೆಯೇ? ನಾನು ನಗುತ್ತಿದ್ದೆ, ಬೈಯುತ್ತಲೂ ಇದ್ದೆ. ಹೈಸ್ಕೂಲಿನಲ್ಲಿ ಇಡೀ ದಿನ "ಸೈಲೆನ್ಸ್" ಎಂದು ಕೂಗಿ ಗಂಟಲು ಹರಿದುಕೊಂಡು ಬಂದವಳಿಗೆ ಮನೆಯಲ್ಲೂ ಗದ್ದಲ ಬೇಡವಾಗಿತ್ತು.

ಈ ಹುಚ್ಚು ಅವರಿಗೆ ಹುಡುಗತನದಲ್ಲೇ ಹಿಡಿದದ್ದು. ಹರಿಹರದ ಆ ಗೆಳೆಯರ ತಂದೆಯವರು ಸೌಂಡ್ ಸರ್ವಿಸ್ ನಡೆಸುತ್ತಿದ್ದರು. ಮದುವೆ ಮನೆಗಳಿಗೆ, ಸಭೆಗಳಿಗೆ ಮೈಕು, ಸ್ಪೀಕರು ಒಯ್ಯುವ ಕೆಲಸ. ಒಮ್ಮೆ ಅವರು ಮುಂಬಯಿಯಿಂದ ಹಳೆಯ ಆಂಪ್ಲಿಫೈಯರ್ ತಂದಾಗ ಅದರ ಜೊತೆ ಒಂದು ಡಬ್ಬಿ ಕ್ಯಾಸೆಟ್ಟುಗಳೂ ಬಂದವಂತೆ. ಅದರಲ್ಲಿ ಯಾವುದೋ ಪರದೇಶದ ಬ್ಯಾಂಡಿನ ಒಂದು ಕ್ಯಾಸೆಟ್ಟಿತ್ತು. ಇಬ್ಬರೂ ಟೇಪು ಸಿಕ್ಕಾಗಿ ಹರಿದುಹೋಗುವ ತನಕ ಅದನ್ನು ಕೇಳಿದರು. ದೊಡ್ಡವರಾದ ಮೇಲೆ ಒಬ್ಬರು ಅಪ್ಪನ ಸೌಂಡ್ ಸರ್ವಿಸ್ ಹಿಡಿದರು, ಇನ್ನೊಬ್ಬರು ಅದರ ಪಕ್ಕದಲ್ಲೇ ಪೈಪಿನ ಅಂಗಡಿ ಹಾಕಿದರು. ಪೈಪಿನ ಅಂಗಡಿಗೆ ಹರಿಹರದಲ್ಲಿ ಬೇರೆ ಒಳ್ಳೆಯ ಜಾಗ ಇರಲಿಲ್ಲವೆಂದು ನಮ್ಮ ಮಾವನವರಿಗೆ ಹೇಳಿ ನಂಬಿಸಿದ್ದರು.

ಈಚೆಗೆ ಆ ಬ್ಯಾಂಡಿನ ಐದು ಹಳೆಯ ಆಲ್ಬಮ್ಮುಗಳನ್ನು ಮತ್ತೆ ತಟ್ಟೆಗಳಲ್ಲಿ ತರುತ್ತಾರೆಂಬ ಸುದ್ದಿ ಬಂತು. ಮೊದಲು ಹೊರಬಂದದ್ದು ಮೊದಲು, ಒಂದಾದ ಮೇಲೆ ಒಂದು, ನಡುವೆ ಕೆಲವು ತಿಂಗಳ ಬಿಡುವು. ಬೆಂಗಳೂರಿನ ಅಂಗಡಿಯೊಂದು ಐದಕ್ಕೂ ಒಟ್ಟಿಗೆ ದುಡ್ಡು ತೆಗೆದುಕೊಂಡು, ಬಂದ ಹಾಗೆ ಕಳಿಸುತ್ತಿತ್ತು. ಇವರು ಹಿಂದೆ ಮುಂದೆ ನೋಡದೆ ಕಟ್ಟಿದರು. ಮನೆಯಲ್ಲಿ ತಟ್ಟೆ ಹಾಕುವ ಮಷಿನ್ನೇ ಇಲ್ಲ. ಕೇಳಿದರೆ, ಗೆಳೆಯನ ಹತ್ತಿರ ಅವನ ಅಪ್ಪನ ಕಾಲದ್ದು ಇದೆಯಲ್ಲ ಎಂದರು.

ಮೊದಲನೆಯದು ಬಂತು, ಎರಡನೆಯದೂ ಬಂತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಶೆಟರ್ ಅರ್ಧ ಎಳೆದು, ತಲೆ ನೆರೆತ ಇಬ್ಬರು ಗಂಡಸರು ಸೌಂಡ್ ಸರ್ವಿಸ್ ಅಂಗಡಿಯಲ್ಲಿ ಕೂತು ಅದನ್ನು ಕೇಳುತ್ತಿದ್ದರು. ಅಂಥ ದಿನ ಸಂಜೆ ಅವರು ದಾವಣಗೆರೆಗೆ ಬಂದರೆ ಸರಸ್ವತಿ ನಗರದ ನಮ್ಮ ಬೀದಿಯ ತಿರುವಿನಿಂದಲೇ ಗೊತ್ತಾಗುತ್ತಿತ್ತು, ಸ್ಕೂಟರಿನ ಹಾರ್ನ್ ಬೇಡದಿದ್ದರೂ ಎರಡು ಸಲ ಒತ್ತುತ್ತಿದ್ದರು. ಒಂದು ದಿನವಾದರೂ ಬಂದು ತಟ್ಟೆಯ ಒಂದು ಬದಿಯಷ್ಟೇ ಕೇಳು ಎಂದು ನನಗೆ ದುಂಬಾಲು ಬೀಳುತ್ತಿದ್ದರು. ಐದೂ ಬರಲಿ, ಆಮೇಲೆ ನೋಡೋಣ ಎನ್ನುತ್ತಿದ್ದೆ.

"ಐದನೇದು ಬರ್ಲಿ ತಡಿ," ಎನ್ನುತ್ತಿದ್ದರು. "ಅದು ನಮ್ದು."

ಅವರಿಬ್ಬರೂ ಹುಡುಗರಾಗಿದ್ದಾಗ ಕೇಳಿದ ಕ್ಯಾಸೆಟ್ಟು ಆ ಐದನೆಯ ಆಲ್ಬಮ್ಮಿನದು. ಅದರ ಒಂದು ಹಾಡಿನ ಶುರುವಿನಲ್ಲಿ ಬರುವ ಗಿಟಾರಿನ ತುಣುಕನ್ನಷ್ಟೇ ಕತ್ತರಿಸಿ ನಮ್ಮನೆಯವರು ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದರು. ಫೋನುಗಳು ಬದಲಾದವು, ಅದು ಮಾತ್ರ ಬದಲಾಗಲಿಲ್ಲ. ಅವರು ಸ್ನಾನಕ್ಕೆ ಹೋಗಿರಲಿ, ಹಿತ್ತಲಲ್ಲಿ ಹೂವು ಬಿಡಿಸುತ್ತಿರಲಿ, ಅದು ಶುರುವಾದ ಕೂಡಲೇ ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ: "ರೀ, ನಿಮ್ಮ ಗಿಟಾರು ಬಡ್ಕಂತೈತೆ ನೋಡ್ರಿ." ಬೈಸಿಕೊಳ್ಳಬೇಕಾಗುತ್ತದೆಂದು ಓಡಿಬಂದು ಎತ್ತುತ್ತಿದ್ದರು. "ಹಾಂ, ಹೇಳ್ರಿ." ಯಾರದೇ ಫೋನಾಗಲಿ, ಮೊದಲು ಅದೇ ಮಾತು. ನಾನು ಶಾಲೆಯಿಂದ ಫೋನ್ ಮಾಡಿದರೂ, ಹೆಸರು ನೋಡದೆ, "ಹಾಂ, ಹೇಳ್ರಿ" ಎಂದೇ ಎತ್ತಿ, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಎರಡನೆಯ ತಟ್ಟೆ ಬಂದ ಮೇಲೆ ಒಂದು ಬೆಳಿಗ್ಗೆ, ಗಿರಾಕಿಗೆ ಪೈಪು ತೋರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಗೆಳೆಯರು ಸ್ಪೀಕರು ಸಾಗಿಸುವ ತಮ್ಮ ವ್ಯಾನಿನಲ್ಲೇ ಮಲಗಿಸಿಕೊಂಡು ದಾವಣಗೆರೆಗೆ ಹೊರಟರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಶಾಲೆಯಿಂದ ಆಟೋ ಹಿಡಿದು ಹೋದಾಗ ಗೆಳೆಯರು ನನ್ನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ತೀರಿಕೊಂಡವರ ಹೆಸರಿನಲ್ಲಿ ಮಾಡುವ ಗಣಾರಾಧನೆಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದೆವು. ಒಳಗೆ ಅಯ್ಯನವರ ಪಾದಪೂಜೆ ನಡೆದಿತ್ತು, ನೆಂಟರು ತುಂಬಿದ್ದರು. ಆಗ ಬೀರುವಿನೊಳಗಿಂದ ಗಿಟಾರು ಶುರುವಾಯಿತು. ಮಂತ್ರ ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಅಡುಗೆಮನೆಯಲ್ಲಿದ್ದ ನಾನು "ರೀ" ಎಂದು ಕೂಗಿಯೂಬಿಟ್ಟಿದ್ದೆ. ಎತ್ತುವವರಿಲ್ಲದೆ ಆ ತುಣುಕು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಹೋಗಿ ಬೀರು ತೆಗೆದೆ.

ಫೋನ್ ಮಾಡುತ್ತ ಗೇಟಿನ ಹತ್ತಿರ ಕೊರಿಯರ್‌ನವರು ನಿಂತಿದ್ದರು. ಮಾಯಕೊಂಡದ ಕಡೆಯವರು, ನಮ್ಮನೆಯವರ ವಯಸ್ಸೇ ಇದ್ದೀತು. ಮೊದಲಿನ ಎರಡು ಪಾರ್ಸೆಲ್ಲನ್ನೂ ನಮ್ಮನೆಯವರ ಕೈಗೇ ಕೊಟ್ಟುಹೋಗಿದ್ದರು. ಈಗ ಮೂರನೆಯದು ತಂದಿದ್ದರು.

"ಸಾರ್ ಇಲ್ಲೇನ್ರಕ್ಕ?" ಎಂದು ಕೇಳಿದರು.

"ಅಂಗಡಿಗೆ ಹೋಗ್ಯಾರೆ," ಎಂದೆ.

ಯಾಕೆ ಹಾಗೆ ಹೇಳಿದೆನೋ ನನಗೇ ತಿಳಿಯದು, ಎಷ್ಟೋ ವರ್ಷಗಳಿಂದ ಅದೇ ಉತ್ತರ ಹೇಳಿ ಅಭ್ಯಾಸವಾದ ಬಾಯಿ. ಅವರು ಶಾಮಿಯಾನದ ಕಡೆ ನೋಡಿದರು. ಮನೆಯಲ್ಲಿ ಪೂಜೆ ಇದೆ ಎಂದೆ. ಪೂಜೆ ಇಟ್ಟುಕೊಂಡು ಯಜಮಾನರು ಅಂಗಡಿಗೆ ಹೋಗುತ್ತಾರೆಯೇ ಎಂದು ಅವರು ಕೇಳಲಿಲ್ಲ. ಓಟಿಪಿ ಒತ್ತಿಕೊಂಡು ಹೋದರು. ನಾನು ಪಾರ್ಸೆಲ್ ಹಿಡಿದುಕೊಂಡು ಒಳಗೆ ಬಂದೆ, ಅವತ್ತು ಮೊದಲ ಸಲ ಉಸಿರು ಸರಿಯಾಗಿ ಆಡಿತು. ಊರಿಗೆಲ್ಲ ಅವರು ಹೋಗಿಬಿಟ್ಟಿದ್ದರು. ಈ ಒಬ್ಬರ ಪಾಲಿಗೆ ಮಾತ್ರ ಅಂಗಡಿಗೆ ಹೋಗಿದ್ದರು, ಸಂಜೆಗೆ ಬರುವವರಿದ್ದರು.

ಪಾರ್ಸೆಲ್ಲನ್ನು ಬಿಚ್ಚದೆ ಬೀರುವಿನಲ್ಲಿ ಅವರ ಅಂಗಿಗಳ ಕೆಳಗೆ ಇಟ್ಟೆ. ಧಾರವಾಡದಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದವಳು, ಬೆಂಗಳೂರಿನ ಅಂಗಡಿಗೆ ಒಂದು ಮೆಸೇಜ್ ಹಾಕಿದರೆ ನನ್ನ ನಂಬರಿಗೇ ಓಟಿಪಿ ಬರುವ ಹಾಗೆ ಮಾಡುತ್ತಾರೆ, ಅಪ್ಪನ ಸಿಮ್ಮಿಗೆ ಸುಮ್ಮನೆ ಯಾಕೆ ಖರ್ಚು ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಬಂದು, ನಿಮ್ಮಪ್ಪನ ಹೆಸರಿಗೆ ಇನ್ನೂ ಬರುವುದು ಇದೊಂದೇ, ಅದನ್ನೂ ನನ್ನ ಹೆಸರಿಗೆ ಬರೆಸಿಕೊಳ್ಳಬೇಕೇ ಎಂದು ರೇಗಿದೆ. ಅವಳು ಅಳುತ್ತ ಒಳಗೆ ಹೋದಳು. ಆಮೇಲೆ ಇಬ್ಬರೂ ಸೇರಿ ಆ ಫೋನಿಗೆ ರೀಚಾರ್ಜ್ ಮಾಡಿದೆವು.

ನಾಲ್ಕನೆಯದು ಬಂದಾಗ ನನಗೆ ಸುಳ್ಳು ಹೇಳುವ ಕೆಲಸವೂ ಇರಲಿಲ್ಲ. ಸಾರ್ ಅಂಗಡಿಗೆ ಹೋಗಿರಬೇಕಲ್ಲವೇ ಎಂದು ಕೊರಿಯರ್‌ನವರೇ ಕೇಳಿದರು. ನಾನು ಹೂಂ ಎಂದೆ. ಹರಿಹರದಲ್ಲಿ ವ್ಯಾಪಾರ ಹೇಗಿದೆ ಎಂದರು, ಪರವಾಗಿಲ್ಲ ಎಂದೆ. ಆ ಎರಡು ಮಾತಿನ ಆಸೆಗೆ ಅವರಿಗೆ ನೀರು ಬೇಕೇ, ಚಹಾ ಬೇಕೇ ಎಂದು ಗೇಟಿನಲ್ಲೇ ನಿಲ್ಲಿಸಿಕೊಂಡಿದ್ದೆ.

ಇನ್ನು ಉಳಿದದ್ದು ಒಂದೇ. ಅದು ಬಂದುಬಿಟ್ಟರೆ ಆ ಫೋನಿಗೆ ಕೆಲಸವಿರಲಿಲ್ಲ, ಗೇಟಿಗೆ ಬಂದು ಸಾರ್ ಎಲ್ಲಿ ಎಂದು ಕೇಳುವವರೂ ಇರಲಿಲ್ಲ. ನಮ್ಮನೆಯವರು ಜೀವ ಹಿಡಿದು ಕಾದದ್ದು ಆ ಐದನೆಯದಕ್ಕೆ, ನಾನೋ ಅದು ತಡವಾಗಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ.

ಕೊನೆಗೆ ಒಂದು ದಿನ ಗಿಟಾರು ಬಡಿದುಕೊಂಡಿತು. ಕೊರಿಯರ್‌ನವರಿಗೆ ಮನೆಯಲ್ಲಿಲ್ಲ, ನಾಳೆ ಬನ್ನಿ ಎಂದೆ. ಹಾಗೆನ್ನುವಾಗ ಕಿಟಕಿಯ ಪರದೆಯ ಹಿಂದೆ ನಿಂತು ಗೇಟಿನಲ್ಲಿದ್ದ ಅವರನ್ನೇ ನೋಡುತ್ತಿದ್ದೆ. ಮಾರನೆಯ ದಿನ ಶಾಲೆಯಲ್ಲಿದ್ದೇನೆ ಎಂದೆ. ಅದರ ಮರುದಿನ ಭಾನುವಾರ. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳ ಎದುರಿಗೇ ಬಂದು ನಿಂತರು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ಅಕ್ಕ, ಇವತ್ತು ತಗಳ್ದಿದ್ರೆ ಇದು ವಾಪಸ್ ಬೆಂಗ್ಳೂರಿಗೆ ಹೋಗ್ತೈತೆ," ಎಂದರು. "ಬ್ಯಾಡ ಅನ್ನಂಗಿದ್ರೆ ಹೇಳಿಬಿಡ್ರಿ."

"ಬ್ಯಾಡ ಅಂತಲ್ರಿ. ಇದೇ ಕೊನೇದು." ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಿಂಡುತ್ತಲೇ ಇದ್ದೆ. "ಅವ್ರು ಅಂಗಡಿಗೆ ಹೋಗಿಲ್ರಿ. ತೀರ್ಕಂಡಾರೆ."

ಅವರು ಹೆಲ್ಮೆಟ್ ತೆಗೆದು ಗಾಡಿಯ ಮೇಲೆ ಇಟ್ಟರು.

"ಗೊತ್ತೈತ್ರಕ್ಕ. ಶಾಮಿಯಾನ ಹಾಕಿದ್ರಲ್ಲ, ಅವತ್ತೇ ಫೋಟೋಕ್ಕೆ ಹಾರ ಹಾಕಿದ್ದು ಬಾಗ್ಲಾಗೆ ಕಾಣ್ತಿತ್ತು. ನೀವು ಅಂಗಡಿಗೆ ಹೋಗ್ಯಾರೆ ಅಂದ್ರಿ. ಇಲ್ಲ ಅನ್ನಾಕೆ ನಾನ್ಯಾರ್ರಿ?"

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ನನ್ನನ್ನು ಆಡಿಸಿದರಲ್ಲ ಎಂಬ ಸಿಟ್ಟು, ಅದೂ ಅಷ್ಟು ಒಳ್ಳೆಯ ಮನುಷ್ಯರ ಮೇಲೆ. ಆಮೇಲೆ ಕಟ್ಟೆಯ ಮೇಲೆ ಕೂತೆ. ನಮ್ಮನೆಯವರು ಬದುಕಿದ್ದಾರೆಂದು ನಂಬಿದವರು ಲೋಕದಲ್ಲಿ ಒಬ್ಬರಿದ್ದಾರೆ ಎಂದುಕೊಂಡಿದ್ದೆ. ಆ ಒಬ್ಬರೂ ಇರಲಿಲ್ಲ. ಗಣಾರಾಧನೆಯ ದಿನ ಬಾರದ ಅಳು ಆ ದಿನ ಬಟ್ಟೆಯ ಹಗ್ಗದ ಕೆಳಗೆ ಬಂತು, ಬೀದಿಯವರು ನೋಡಿದರೂ ಸರಿ ಎಂದು ಅತ್ತೆ. ಕೊರಿಯರ್‌ನವರು ಹೋಗದೆ ಕಾದರು. ನಾನು ಒಳಗೆ ಹೋಗಿ ಫೋನ್ ತಂದು ಓಟಿಪಿ ಓದಿದೆ, ಅವರು ಐದನೆಯ ಪಾರ್ಸೆಲ್ಲನ್ನು ಎರಡೂ ಕೈಯಿಂದ ಕೊಟ್ಟರು.

ಮುಂದಿನ ರಜೆಯ ದಿನ ಮೂರೂ ಪಾರ್ಸೆಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ನಮ್ಮ ಅಂಗಡಿಯ ಶೆಟರ್ ಮುಚ್ಚಿತ್ತು, ಆ ಕಡೆ ನೋಡದೆ ಪಕ್ಕದ ಬಾಗಿಲಿಗೆ ಹೋದೆ. ಗೆಳೆಯರು ಎದ್ದು ನಿಂತು, "ಬರ್ರಿ ಭಾಭಿ, ಕೂಡ್ರಿ," ಎಂದರು. ಇದ್ದದ್ದು ಎರಡು ಪ್ಲಾಸ್ಟಿಕ್ ಕುರ್ಚಿ. ನನಗೆ ಕೊಟ್ಟ ಕುರ್ಚಿಯ ಒಂದು ಕೈಗೆ ವಿಭೂತಿಯ ಬಿಳಿ ಇನ್ನೂ ಅಂಟಿತ್ತು. ಗೆಳೆಯರು ಮಷಿನ್ನಿನ ಮೇಲಿದ್ದ ಬಟ್ಟೆ ತೆಗೆದರು, ಧೂಳು ಎದ್ದಿತು. ನಮ್ಮನೆಯವರು ಹೋದ ಮೇಲೆ ಅದನ್ನು ಮುಟ್ಟಿಲ್ಲವೆಂದು, ಪಾರ್ಸೆಲ್ ಬಂದವೇ ಎಂದು ನನ್ನನ್ನು ಕೇಳಲು ಧೈರ್ಯ ಬರಲಿಲ್ಲವೆಂದು ಹೇಳಿದರು. ಐದನೆಯದರ ಪ್ಲಾಸ್ಟಿಕ್ಕನ್ನು ಅವರೇ ಬಿಚ್ಚಿದರು. ಕವರಿನ ಚಿತ್ರ ನೋಡಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಕ್ಯಾಸೆಟ್ಟಿನ ಮೇಲೆ ಬೆಂಕಿಪೊಟ್ಟಣದಷ್ಟು ಇದ್ದ ಚಿತ್ರ ಇಲ್ಲಿ ಮಣೆಯಷ್ಟು ದೊಡ್ಡದಾಗಿತ್ತು.

ಮೊದಲನೆಯ ಕಡೆ ಹಾಕಿದರು. ಕೇಳುತ್ತ ಕೇಳುತ್ತ ನನಗೂ ಅದು ಹಿಡಿಸಿತು ಎಂದು ಬರೆಯಲು ಮನಸ್ಸಿದೆ, ಆದರೆ ಸುಳ್ಳಾಗುತ್ತದೆ. ಅದೇ ಗದ್ದಲ. ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಇದಕ್ಕೇ ಅವರು ಅಷ್ಟು ಖುಷಿಯಾಗುತ್ತಿದ್ದರಲ್ಲ ಎಂದು ಸಂಕಟವಾಯಿತು. ಗೆಳೆಯರು ಮಾತ್ರ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ತಟ್ಟೆ ತಿರುಗಿಸಿ ಎರಡನೆಯ ಕಡೆ ಹಾಕಿದರು. ಮುಳ್ಳು ಸ್ವಲ್ಪ ಹೊತ್ತು ಚರಚರ ಎಂದಿತು. ಆಮೇಲೆ ಗಿಟಾರು ಶುರುವಾಯಿತು.

ನನ್ನ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಅವರ ಫೋನನ್ನು ಹೊರಗೆ ತೆಗೆದ ಮೇಲೆಯೇ ಅದು ಬಡಿದುಕೊಳ್ಳುತ್ತಿಲ್ಲ ಎಂದು ತಿಳಿದದ್ದು. ಅಷ್ಟು ವರ್ಷ ಕೇಳಿದ ಗಿಟಾರಿನ ಮುಂದೆ ಏನಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಪಾಲಿಗೆ ಆ ಹಾಡು ಇದ್ದದ್ದೇ ಅಷ್ಟು, ಮೊದಲು ಗಿಟಾರು, ಅದರ ಹಿಂದೆಯೇ "ಹಾಂ, ಹೇಳ್ರಿ." ಗಿಟಾರು ಅದೇ ಜಾಗಕ್ಕೆ ಬಂತು. ನಾನು ಕಾದೆ. ಯಾವನೋ ಒಬ್ಬ ಅರಚಿಕೊಂಡು ಹಾಡತೊಡಗಿದ.

ನಿಲ್ಲಿಸಿ ಎಂದು ಕೂಗಿದೆ. ಗೆಳೆಯರು ಗಾಬರಿಯಾಗಿ ಮುಳ್ಳು ಎತ್ತಿದರು. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು.

"ಇನ್ನೊಂದ್ಸಲ ಹಾಕ್ರಿ ಭಾಯಿ," ಎಂದೆ. "ಗಿಟಾರ್ ಇರೋಷ್ಟು ಸಾಕು. ಅವ್ನು ಬಾಯಿ ತೆಗೆಯೋಕೆ ಮುಂಚೆ ಎತ್ತಿಬಿಡ್ರಿ."

ಅವರು ಮುಳ್ಳನ್ನು ಮತ್ತೆ ತಟ್ಟೆಯ ಅಂಚಿಗೆ ಇಟ್ಟರು. ಗಿಟಾರು ಶುರುವಾಗಿ ಪೂರ್ತಿ ಬಂತು, ಸರಿಯಾದ ಜಾಗದಲ್ಲಿ ಅವರು ಮುಳ್ಳು ಎತ್ತಿ ಹಿಡಿದರು. ಆ ಮಾತು ಬರಬೇಕಾದ ಹೊತ್ತಿಗೆ ನಾವಿಬ್ಬರೂ ಸುಮ್ಮನಿದ್ದೆವು.