ತಾಂಡೂರಿನ ಗೋಲಿಗೆ ಕೆರೆಮಣ್ಣು

೨೦೧೧ರ ಬೇಸಿಗೆಯಲ್ಲಿ ನಾನು ಹೈದರಾಬಾದಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಮ್ಮ ತಂಡ ದೇಶದ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಪ್ರತ್ಯೇಕ ತೆಲಂಗಾಣದ ಚಳವಳಿ ಬಿಸಿಯೇರಿ ನಗರದಲ್ಲಿ ಪಂದ್ಯ ನಡೆಸುವುದೇ ಕಷ್ಟವಾದಾಗ, ಸೀಸನ್ನಿನ ಕೊನೆಯ ಪಂದ್ಯವನ್ನು ಕರ್ನಾಟಕದ ಗಡಿಗೆ ಹತ್ತಿರದ, ಕನ್ನಡವೂ ನಡೆಯುವ ತಾಂಡೂರಿಗೆ ಹಾಕಿದರು. ಅದೇ ಗಡಿಸೀಮೆಯ ಜಹೀರಾಬಾದಿನವಳಾದ ನನಗೆ ಖುಷಿಯೇ ಆಯಿತು.

ಆದರೆ ಆ ಪಂದ್ಯದ ಮೇಲೆ ಒಬ್ಬನ ಬದುಕು ನಿಂತಿತ್ತು. ನಮ್ಮ ಗೋಲ್‌ಕೀಪರ್ ಶಂಕರ, ತಾಂಡೂರಿನ ಪಕ್ಕದ ಯಾಲಾಲಿನವನು. ಮೊದಲ ಪಂದ್ಯದಲ್ಲೇ ಅವನ ಬಲಭುಜದ ಕೀಲು ತಪ್ಪಿತ್ತು. ಅಂದಿನಿಂದ ನನ್ನೆದುರು ರಬ್ಬರ್ ಪಟ್ಟಿ ಎಳೆಯುತ್ತ, ನನ್ನಿಂದ ಬೈಸಿಕೊಳ್ಳುತ್ತ ಕಾಲ ಕಳೆದಿದ್ದ. ಕೊನೆಯ ಪಂದ್ಯದಲ್ಲಿ ಆಡಿ ತೋರಿಸಿದರೆ ಮುಂದಿನ ವರ್ಷಕ್ಕೂ ಒಪ್ಪಂದ, ಇಲ್ಲದಿದ್ದರೆ ಮನೆಗೆ ಎಂದು ಕ್ಲಬ್ಬಿನವರು ಹೇಳಿಬಿಟ್ಟಿದ್ದರು.

ಪಂದ್ಯದ ದಿನ ಬೆಳಿಗ್ಗೆ ಮೈದಾನ ನೋಡಲು ಹೋದೆ. ಎರಡೂ ಕಡೆ ಗೋಲ್‌ಕಂಬಗಳ ಮುಂದಿನ ನೆಲ ಸಿಮೆಂಟಿನ ಅಂಗಳದಂತೆ ಗಟ್ಟಿಯಾಗಿತ್ತು. ತಾಂಡೂರಿನಲ್ಲಿ ಎಲ್ಲಿ ಗುಂಡಿ ಬಿದ್ದರೂ, ನೆಲಕ್ಕೆ ಹಾಸುವ ಬಂಡೆಗಳನ್ನು ಪಾಲಿಶ್ ಮಾಡಿ ಉಳಿದ ಕಲ್ಲುಪುಡಿ ಸುರಿದು ನೀರು ಹೊಡೆಯುವುದು ರೂಢಿ. ಊರಿನವರು ಪ್ರೀತಿಯಿಂದ ಇಲ್ಲಿಯೂ ಅದನ್ನೇ ಮಾಡಿದ್ದರು.

"ಒಂದೂ ಗುಂಡಿ ಇಲ್ಲ ನೋಡ್ರಿ ಮೇಡಂ. ಲಾರಿ ಹಾದ್ರೂ ಏನೂ ಆಗಂಗಿಲ್ಲ," ಎಂದ ಆ ಕೆಲಸ ಮಾಡಿಸಿದ್ದ ಪಾಲಿಶ್ ಕಾರ್ಖಾನೆಯ ಮಾಲೀಕ ವೀರಣ್ಣ, ಹೆಮ್ಮೆಯಿಂದ.

"ಇಲ್ಲಿ ಹಾಯೋದು ಲಾರಿ ಅಲ್ಲರೀ, ಬೀಳೋದು ಮನುಷ್ಯಾ," ಎಂದು ಹರಿಹಾಯ್ದೆ. ಪಾಪ, ಅವನ ಮುಖ ಸಣ್ಣದಾಯಿತು.

ಪಂದ್ಯದ ಮೇಲ್ವಿಚಾರಣೆಗೆ ಬಂದಿದ್ದ ಮ್ಯಾಚ್ ಕಮಿಷನರ್, ಮಧ್ಯಾಹ್ನದೊಳಗೆ ನೆಲ ಮೆತ್ತಗಾಗದಿದ್ದರೆ ಪಂದ್ಯ ರದ್ದು ಎಂದರು. ವೀರಣ್ಣ ತನ್ನ ಕೆಲಸಗಾರರನ್ನು ಕರೆದು ಹಾರೆ ಹಿಡಿದ. ಗಟ್ಟಿ ಪದರ ಅಗೆದು ತೆಗೆದ ಜಾಗಕ್ಕೆ ತುಂಬಲು ಮೆತ್ತನೆಯ ಕೆರೆಮಣ್ಣು ಬೇಕಿತ್ತು. ಆದರೆ ಅಂದು ತಾಂಡೂರಿನಲ್ಲೂ ಚಳವಳಿಯ ಬಂದ್. ಕೆರೆಯ ರಸ್ತೆಯ ನಡುವೆಯೇ ಒಲೆ ಹೂಡಿ ಹೆಂಗಸರು ಅಡುಗೆ ಮಾಡುತ್ತಿದ್ದರು. 'ವಂಟಾವಾರ್ಪು' ಎಂದು ಕರೆಯುವ ಇದು, ಚಳವಳಿಯವರು ರಸ್ತೆ ತಡೆಯುತ್ತಿದ್ದ ಬಗೆ. ಅವರ ಮುಂದಾಳು ನಾಗಮ್ಮ, ತೊಗರಿ ಮಂಡಿಯಲ್ಲಿ ಕಾಳು ಹಸನು ಮಾಡುವವಳು. ಒಂದು ಟ್ರ್ಯಾಕ್ಟರ್ ಬಿಡಿ ಎಂದು ಅವಳನ್ನು ಕೇಳಿಕೊಂಡೆ.

"ಆಗಂಗಿಲ್ಲವ್ವ. ಒಂದಕ್ಕ ಬಿಟ್ರ ಹತ್ತು ಬರ್ತಾವ."

ಅವಳ ಮಾತೂ ಸರಿಯೇ. ನನಗೆ ಅಳು ಬಂತು. ಶಂಕರನ ಭುಜದ ಕಥೆಯನ್ನೆಲ್ಲ ಹೇಳಿದೆ. ಸಾರು ತಿರುವುತ್ತಲೇ ಕೇಳಿಸಿಕೊಂಡ ನಾಗಮ್ಮ ಸೌಟನ್ನು ಇನ್ನೊಬ್ಬಳ ಕೈಗೆ ಕೊಟ್ಟಳು.

"ಬಂದ್ ಇರೋದು ಗಾಡಿಗಿ, ಬುಟ್ಟಿಗಿ ಅಲ್ಲ. ಏಳ್ರೇ, ಮಣ್ಣು ಹೊರಾಕ ನಡೀರಿ."

ಹೆಂಗಸರು ಸಾಲುಗಟ್ಟಿ ತಲೆಯ ಮೇಲೆ ಮಣ್ಣು ಹೊತ್ತು ತಂದರು. ಚಳವಳಿಯ ಹಾಡು ಹೇಳುತ್ತಲೇ ಎರಡೂ ಗೋಲುಗಳ ಮುಂದೆ ಸುರಿದರು. ನಾನೂ ಹೆಂಟೆ ಒಡೆದೆ. ಕಮಿಷನರ್ ಬಂದು ಹಿಮ್ಮಡಿ ಊರಿ ನೋಡಿ, ಆಡಿಸಿ ಎಂದರು.

ಮೊದಲಾರ್ಧದಲ್ಲಿ ಶಂಕರ ಒಮ್ಮೆಯೂ ಬಲಕ್ಕೆ ಹಾರಲಿಲ್ಲ. ಆ ಕಡೆಯಿಂದಲೇ ಒಂದು ಗೋಲು ಹೋಯಿತು. ವಿರಾಮದಲ್ಲಿ ಅವನು ಇನ್ನು ತಾನು ಕಾಯಬೇಕಾದ ಗೋಲಿನ ಮುಂದಿನ ಮಣ್ಣನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದ. ದ್ವಿತೀಯಾರ್ಧದಲ್ಲಿ ಚೆಂಡು ಮತ್ತೆ ಬಲಕ್ಕೇ ನೆಲ ಸವರುತ್ತ ಬಂತು. ಶಂಕರ ಹಾರಿದ. ಆ ಭುಜದ ಮೇಲೆಯೇ ಬಿದ್ದ. ನಾನು ಔಷಧದ ಚೀಲ ಹಿಡಿದು ಗೆರೆಯ ತನಕ ಓಡಿಯಾಗಿತ್ತು. ಅವನು ಚೆಂಡನ್ನು ಅವುಚಿಕೊಂಡು ಎದ್ದ. ಮುಖದ ತುಂಬ ಮಣ್ಣು, ನಗು.

ಕೊನೆಗೆ ನಮ್ಮವರೂ ಒಂದು ಗೋಲು ಹೊಡೆದು ಪಂದ್ಯ ಸಮವಾಯಿತು. ತಂಡಕ್ಕೆ ಮೊದಲ ದರ್ಜೆಗೆ ಬಡ್ತಿ ಸಿಗಲಿಲ್ಲ, ಶಂಕರನಿಗೆ ಒಪ್ಪಂದ ಸಿಕ್ಕಿತು. ಭುಜ ವಾಸಿಯಾಗಿದೆ ಎಂದು ನಾನು ಎಷ್ಟು ಹೇಳಿದ್ದರೂ ಅವನು ನಂಬಿದ್ದು ಆವತ್ತು, ಬಿದ್ದು ಎದ್ದ ಮೇಲೆ. ಅಂದಿನಿಂದ ನಾನು ರೋಗಿಗಳಿಗೆ ಹೆದರಬೇಡ ಎನ್ನುವುದನ್ನು ಬಿಟ್ಟೆ. ಅವರು ಬೀಳುವ ಜಾಗ ಮೆತ್ತಗಿದೆಯೇ ಎಂದು ಮೊದಲು ನೋಡುತ್ತೇನೆ.